ಥರ್ಮಾಸ್: ಗಾಜಿನದೋ, ಸ್ಟೀಲಿನದೋ?

ಹುಬ್ಬಳ್ಳಿ ದುರ್ಗದಬೈಲಿನ ಪಾತ್ರೆ ಅಂಗಡಿಯಲ್ಲಿ ಯಾವ ಕಂಪನಿಯದಾದರೂ ಸರಿ, ಗಿರಾಕಿ ಕೇಳುವುದು ‘ಥರ್ಮಾಸ್’ ಎಂದೇ. ಗ್ರೀಕಿನ ‘ಥೆರ್ಮೊಸ್’ ಅಂದರೆ ಬಿಸಿ. ಸಂಸ್ಕೃತದ ‘ಘರ್ಮ’, ಪಾರಸಿಯಿಂದ ಬಂದು ನಮ್ಮ ಮಸಾಲೆ ಡಬ್ಬಿ ಸೇರಿದ ‘ಗರಂ’ ಎರಡೂ ಇದರ ದಾಯಾದಿಗಳು. 1904ರಲ್ಲಿ ಜರ್ಮನಿಯಲ್ಲಿ ಕಂಪನಿಯ ಹೆಸರಾಗಿ ಹುಟ್ಟಿದ ಈ ಮಾತನ್ನು 1963ರಲ್ಲಿ ಅಮೆರಿಕದ ನ್ಯಾಯಾಲಯ ಎಲ್ಲರೂ ಬಳಸುವ ಸಾಮಾನ್ಯ ಪದವೆಂದು ಒಪ್ಪಿತು.

ಆದರೆ ಹೆಸರು ನಂಬಿ ಕೆಡಬೇಡಿ. ಥರ್ಮಾಸ್ ಬಿಸಿ ಮಾಡುವುದಿಲ್ಲ. 1892ರಲ್ಲಿ ವಿಜ್ಞಾನಿ ಜೇಮ್ಸ್ ದೇವಾರ್ ಇದನ್ನು ರೂಪಿಸಿದ್ದೇ ದ್ರವೀಕರಿಸಿದ ಅನಿಲಗಳನ್ನು ತಣ್ಣಗಿಡಲು! ಎರಡು ಗೋಡೆಗಳ ನಡುವೆ ಗಾಳಿಯಿಲ್ಲ, ಅಂದರೆ ನಿರ್ವಾತ. ಹಾಗಾಗಿ ಒಳಗಿನ ಬಿಸಿ ಹೊರಗೆ ಬೇಗ ಹೋಗದು, ಹೊರಗಿನ ಬಿಸಿ ಒಳಗೆ ಬೇಗ ಬಾರದು. ಉಗುರುಬೆಚ್ಚಗಿನ ಚಹಾ ಹಾಕಿದರೆ ಸಿಗುವುದೂ ಅದೇ. ಮೊದಲು ಬಿಸಿನೀರು ತುಂಬಿ 5 ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿ ಬಂದ ಚಹಾ ಕುತ್ತಿಗೆವರೆಗೆ ಹಾಕಿ. ಅರ್ಧಂಬರ್ಧ ತುಂಬಿದರೆ ಬೇಗ ಆರುತ್ತದೆ. ಬಿಸಿ ಹೆಚ್ಚು ಸೋರುವುದು ಬಾಯಿಯ ಕಡೆಯಿಂದ, ಆದ್ದರಿಂದ ಮುಚ್ಚಳದ ರಬ್ಬರ್ ವಾಷರ್ ಸಡಿಲಾದರೆ ಬದಲಿಸಿ.

ಮನೆಗೆ, ಆಸ್ಪತ್ರೆಯ ಹಾಸಿಗೆ ಪಕ್ಕಕ್ಕೆ ಗಾಜಿನ ರೀಫಿಲ್ (ಒಳಗಿನ ಗಾಜಿನ ಬಾಟಲಿ) ಇರುವುದೇ ಚೆಂದ. ಚಹಾದ ವಾಸನೆ ಹಿಡಿಯುವುದಿಲ್ಲ, ಒಡೆದರೆ ರೀಫಿಲ್ ಮಾತ್ರ ಬದಲಿಸಬಹುದು. ಕೊಳ್ಳುವಾಗ ಬುಡದ ಚೂಪು ತುದಿ ನೋಡಿ: ನಿರ್ವಾತಕ್ಕೆ ಅಲ್ಲೇ ಬೀಗ. ಅದು ಮುರಿದಿದ್ದರೆ ಎಷ್ಟೇ ಹೊಳೆದರೂ ಬರೀ ಗಾಜಿನ ಪಾತ್ರೆ. ತೊಳೆಯುವಾಗ ಚಮಚ ಹಾಕಬೇಡಿ, ಐಸ್ ನೀರು ಚೆಲ್ಲಿದ ಕೂಡಲೇ ಕುದಿನೀರು ಸುರಿಯಬೇಡಿ. ಒಡೆಯುವುದು ಹೆಚ್ಚಾಗಿ ಹೀಗೆಯೇ.

ಗದಗ ಬಸ್ಸಿನಲ್ಲಿ ಕುಲುಕಾಟ ತಡೆಯಬೇಕೆಂದರೆ ಸ್ಟೀಲಿನದೇ ಸರಿ, 18/8 (ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುವ ಸ್ಟೀಲು) ಎಂದು ಬರೆದದ್ದು ಆರಿಸಿ. ಕುದಿನೀರು ತುಂಬಿ ಹತ್ತು ನಿಮಿಷದ ಮೇಲೆ ಹೊರಮೈ ಮುಟ್ಟಿ ನೋಡಿ. ಮೈಯೆಲ್ಲ ಬೆಚ್ಚಗಿದ್ದರೆ ನಿರ್ವಾತ ಹೋಗಿದೆ. ಸ್ಟೀಲಿನದರಲ್ಲಿ ಇದಕ್ಕೆ ರಿಪೇರಿ ಇಲ್ಲ.

ಹಾಲಿನ ಚಹಾ 3-4 ಗಂಟೆಯೊಳಗೆ ಮುಗಿಸಿ, ಬೆಚ್ಚಗಾದ ಹಾಲು ಕೆಡುವುದು ಬೇಗ. ದಿನವಿಡೀ ಬೇಕಾದರೆ ಹಾಲಿಲ್ಲದ ಕಷಾಯ ಒಯ್ಯಿರಿ. ವಾಸನೆ ಬಂದರೆ ಲೀಟರ್ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಅರ್ಧ ತಾಸು, ಮುಚ್ಚಳ ಹಾಕದೆ. ಒಣಗಿಸಿ ಬಾಯಿ ತೆರೆದೇ ಇಡಿ.