ಬಾಲ್ಸಾ ಟೈಗರ್ ಮಾತ್ ಕಿಟ್ ಕೊಂಡವರಿಗೆ ಎಚ್ಚರಿಕೆ: ಸಿಜಿ (ವಿಮಾನ ಸಮತೂಗುವ ಬಿಂದು) ಅಳೆಯುವುದು ಯಾವ ರೆಕ್ಕೆಯಿಂದ?

ಕಡಿಮೆ ಬೆಲೆಗೆ ಆನ್‌ಲೈನಿನಲ್ಲಿ ಸಿಗುವ ಲೇಸರ್ ಕಟ್ ಬಾಲ್ಸಾ (ಹಗುರ ಮರ) ಕಿಟ್ ಒಂದರಿಂದ ಕಟ್ಟಿದ 1:7 ಅಳತೆಯ ಟೈಗರ್ ಮಾತ್ (ಹಳೆಯ ತರಬೇತಿ ವಿಮಾನದ, ರಿಮೋಟಿನಲ್ಲಿ ಹಾರಿಸುವ ಮಾದರಿ), ಮೊದಲ ಹಾರಾಟದಲ್ಲೇ ನೆಲಕ್ಕೆ ಬಡಿದು ಪುಡಿಯಾಯಿತು. ಚಕ್ರ ನೆಲ ಬಿಟ್ಟ ಕೂಡಲೇ ಮೂತಿ ಮೇಲಕ್ಕೆತ್ತಿತು. ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಸ್ಟಿಕ್ ಪೂರ್ತಿ ಮುಂದಕ್ಕೆ ತಳ್ಳಿದರೂ ಮೂತಿ ಇಳಿಯಲಿಲ್ಲ. ವೇಗ ಸತ್ತಿತು, ಎಡ ರೆಕ್ಕೆ ಕುಸಿಯಿತು, ತಿರುಗುತ್ತಾ ಬಂದು ಬಿತ್ತು. ಅವಶೇಷದಲ್ಲಿ ಮೋಟಾರ್ ಒಂದು ಕಡೆ ಬಿದ್ದಿತ್ತು, ಅದರ ಹಿಂದಿನ ಪ್ಲೈವುಡ್ ಫೈರ್‌ವಾಲ್ ಒಂದು ಚೂರೂ ಮುರಿಯದೆ ಅದಕ್ಕೇ ಅಂಟಿಕೊಂಡಿತ್ತು. ಅಂದರೆ ಮರ ಮುರಿದಿರಲಿಲ್ಲ, ಅಂಟು ಬಿಟ್ಟಿತ್ತು. ಮಾರಿದವರ ಹೆಸರು ಇಲ್ಲಿ ಹಾಕುತ್ತಿಲ್ಲ. ಇದೇ ತಪ್ಪುಗಳು ಯಾವ ಬೈಪ್ಲೇನ್ (ಮೇಲೊಂದು, ಕೆಳಗೊಂದು ರೆಕ್ಕೆಯ ವಿಮಾನ) ಕಿಟ್‌ನಲ್ಲಾದರೂ ಇರಬಹುದು, ಆದ್ದರಿಂದ ತಪ್ಪನ್ನೇ ಗುರುತಿಸಲು ಕಲಿಯುವುದು ಮುಖ್ಯ.

ಆ ವಿಮಾನವನ್ನು ಕೊಂದದ್ದು ಪೈಲಟ್‌ನ ಕೈ ಅಲ್ಲ, ಕಿಟ್‌ನ ಹಾಳೆಯಲ್ಲಿದ್ದ ಒಂದೇ ಸಾಲು: "ಸಿಜಿ: ಲೀಡಿಂಗ್ ಎಡ್ಜ್‌ನಿಂದ 95 ಮಿ.ಮೀ. ಹಿಂದೆ." ಯಾವ ರೆಕ್ಕೆಯ ಲೀಡಿಂಗ್ ಎಡ್ಜ್ (ಮುಂಬದಿ ಅಂಚು) ಎಂದು ಬರೆದಿರಲಿಲ್ಲ. ಒಂಟಿ ರೆಕ್ಕೆಯ ವಿಮಾನಕ್ಕೆ ಅಷ್ಟು ಹೇಳಿದರೆ ಸಾಕು. ಬೈಪ್ಲೇನ್‌ಗೆ ಅದು ಅರ್ಧ ಮಾತು. ಕೆಳರೆಕ್ಕೆಯ ಅಡಿ ಎರಡು ಬೆರಳು ಕೊಟ್ಟು ಎತ್ತಿ ತೂಗಿ ನೋಡುವುದು ಸಾಮಾನ್ಯ ರೂಢಿ, ಹಾಗಾಗಿ 95 ಮಿ.ಮೀ. ಗುರುತು ಸಹಜವಾಗಿಯೇ ಕೆಳರೆಕ್ಕೆಯ ಮೇಲೆ ಬಿತ್ತು. ಆದರೆ ಪ್ಲಾನ್‌ನ ಲೆಕ್ಕ ಇದ್ದದ್ದು ಮೇಲ್ರೆಕ್ಕೆಯ ನಡುಭಾಗದಿಂದ. ಈ ಕಿಟ್‌ನಲ್ಲಿ ಕೆಳರೆಕ್ಕೆ ಮೇಲ್ರೆಕ್ಕೆಗಿಂತ 50 ಮಿ.ಮೀ. ಹಿಂದಿದೆ. ಹೀಗಾಗಿ ಸಿಜಿ ಇರಬೇಕಾದ ಜಾಗಕ್ಕಿಂತ 50 ಮಿ.ಮೀ. ಹಿಂದೆ ಹೋಯಿತು.

50 ಮಿ.ಮೀ. ಎಷ್ಟು ದೊಡ್ಡದು ಎನ್ನುವುದಕ್ಕೆ ಲೆಕ್ಕ ನೋಡಿ. ರೆಕ್ಕೆಯ ಅಗಲ (ಮುಂಬದಿ ಅಂಚಿನಿಂದ ಹಿಂಬದಿ ಅಂಚಿಗೆ) 190 ಮಿ.ಮೀ. ಎರಡೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯವು, ಆದ್ದರಿಂದ ಎರಡನ್ನೂ ಸೇರಿಸಿದ ಸರಾಸರಿ ರೆಕ್ಕೆಯ ಮುಂಬದಿ ಅಂಚು ಮೇಲ್ರೆಕ್ಕೆಗಿಂತ 25 ಮಿ.ಮೀ. ಹಿಂದೆ ಬರುತ್ತದೆ. ರೆಕ್ಕೆಗಳು ಹಿಂದಕ್ಕೆ ಬಾಗಿರುವುದರಿಂದ ಇನ್ನೊಂದು 20 ಮಿ.ಮೀ. ಸೇರುತ್ತದೆ, ಒಟ್ಟು 45. ಅಲ್ಲಿಂದ, ಸಿಜಿ ಇರಬೇಕಾದಂತೆ, ಅಗಲದ ನಾಲ್ಕನೇ ಒಂದು ಭಾಗ, ಅಂದರೆ 47 ಮಿ.ಮೀ. ಹಿಂದೆ ಹೋದರೆ 92 ಆಗುತ್ತದೆ. ಪ್ಲಾನ್‌ನ 95 ಇದಕ್ಕೆ ತಾಳೆಯಾಗುತ್ತದೆ, ಅದು ಸರಿಯಾದ ಸಂಖ್ಯೆಯೇ. ಕೆಳರೆಕ್ಕೆಯಿಂದ ಅಳೆದಾಗ ಸಿಜಿ ಮೇಲ್ರೆಕ್ಕೆಯ ಅಂಚಿನಿಂದ 145ಕ್ಕೆ, ಸರಾಸರಿ ರೆಕ್ಕೆಯ ಅಗಲದ ಶೇ 53ಕ್ಕೆ ಬಂದು ಕೂರುತ್ತದೆ. ಮಾಮೂಲಿ ಅಳತೆಯ ಬಾಲ ಇರುವ ವಿಮಾನ ಅಲ್ಲಿ ತಾನಾಗಿ ನೆಟ್ಟಗೆ ಹಾರಲು ಸಾಧ್ಯವೇ ಇಲ್ಲ. ಮೂತಿ ಒಮ್ಮೆ ಎದ್ದರೆ ಇನ್ನಷ್ಟು ಏಳುತ್ತದೆ.

ಟೈಗರ್ ಮಾತ್‌ನಲ್ಲಿ ಈ ಲೆಕ್ಕ ಇಷ್ಟು ಗೋಜಲಾಗಲು ನಿಜವಾದ ವಿಮಾನದ ಇತಿಹಾಸವೇ ಕಾರಣ. ಡಿ ಹ್ಯಾವಿಲೆಂಡ್‌ನ ಈ ತರಬೇತಿ ವಿಮಾನ ಮೊದಲು ಹಾರಿದ್ದು 1931ರಲ್ಲಿ. ಅದರ ಹಿಂದಿನ ಮಾತ್ ವಿಮಾನಗಳಲ್ಲಿ ಮುಂದಿನ ಸೀಟಿನ ನೇರ ಮೇಲೆ ರೆಕ್ಕೆ ಮತ್ತು ಪೆಟ್ರೋಲ್ ಟ್ಯಾಂಕ್ ಇದ್ದವು, ಪ್ಯಾರಾಚೂಟ್ ಕಟ್ಟಿಕೊಂಡವರು ಹೊರಗೆ ಹಾರಲು ಅವು ಅಡ್ಡ ಬರುತ್ತಿದ್ದವು. ಅದಕ್ಕೆ ಮೇಲ್ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು, ಎತ್ತುವ ಬಲದ ಕೇಂದ್ರ ಮುಂದೆ ಹೋಗಬಾರದೆಂದು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಹಾಗಾಗಿ ನಡುಭಾಗದಲ್ಲಿ ಒಂದು ಅಳತೆ, ತುದಿಯಲ್ಲಿ ಇನ್ನೊಂದು. ಮೇಲ್ರೆಕ್ಕೆಯ ಮೇಲೆಯೇ ಆದರೂ ತುದಿಯ ಹತ್ತಿರ ಗುರುತು ಹಾಕಿದರೆ ಅದೂ ತಪ್ಪೇ.

ಸರಿಯಾಗಿ ನೋಡುವುದು ಹೀಗೆ. ಮೇಲ್ರೆಕ್ಕೆಯ ನಡುಭಾಗದಲ್ಲಿ, ಅಂಚಿನಿಂದ 95 ಮಿ.ಮೀ. ಹಿಂದೆ, ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ. ಕವರಿಂಗ್‌ಗೆ (ಫಿಲ್ಮ್ ಹೊದಿಸುವುದಕ್ಕೆ) ಮುಂಚೆಯೇ ಆ ಜಾಗದ, ರೆಕ್ಕೆಗೆ ಆಕಾರ ಕೊಡುವ ರಿಬ್‌ಗಳಿಗೆ ಚಿಕ್ಕ ಪ್ಲೈವುಡ್ ತುಂಡು ಅಂಟಿಸಿ, ಎರಡು ಸಣ್ಣ ಕೊಂಡಿ ಸ್ಕ್ರೂ ಕೂರುವಂತೆ ಮಾಡಿ. ಬ್ಯಾಟರಿ, ಪ್ರೊಪೆಲ್ಲರ್, ಸ್ಪಿನ್ನರ್, ಚಕ್ರ, ಪೈಲಟ್ ಬೊಂಬೆ ಎಲ್ಲವೂ ಜಾಗದಲ್ಲಿರಬೇಕು. ಆ ಕೊಂಡಿಗಳಿಗೆ ದಾರ ಕಟ್ಟಿ ಇಡೀ ವಿಮಾನವನ್ನು ತೂಗುಹಾಕಿ. ತೂಕವೆಲ್ಲ ದಾರದ ಕೆಳಗೇ ಇರುವುದರಿಂದ ಅದು ಅಲುಗಾಡಿ ತಾನಾಗಿ ನಿಲ್ಲುತ್ತದೆ. ಮೂತಿ ತುಸು ಕೆಳಗೆ ಬಾಗಿ ನಿಂತರೆ ಮೊದಲ ಹಾರಾಟಕ್ಕೆ ಯೋಗ್ಯ. ಬಾಲ ಕೆಳಗಾದರೆ ಹಾರಿಸಲೇಬೇಡಿ, "ಟ್ರಿಮ್‌ನಲ್ಲಿ (ರಿಮೋಟಿನ ಸಣ್ಣ ಹೊಂದಾಣಿಕೆಯಲ್ಲಿ) ಸರಿಮಾಡಿಕೊಳ್ಳೋಣ" ಎಂಬ ಮಾತಿಗೆ ಕಿವಿ ಕೊಡಬೇಡಿ.

ಈ ವಿಮಾನ ತಪ್ಪು ಗುರುತಿನ ಮೇಲೆ ಅಷ್ಟು ಚೆನ್ನಾಗಿ ಸಮತೂಗಿದ್ದು ಹೇಗೆ? ಬಾಲ ಮೊದಲೇ ಭಾರವಾಗಿತ್ತು. ಕಿಟ್‌ನಲ್ಲಿ ಬಂದ ಬಾಲ್ಸಾ ಗಟ್ಟಿ ಜಾತಿಯದು. 1.5 ಮಿ.ಮೀ. ದಪ್ಪದ, 100 × 900 ಮಿ.ಮೀ. ಹಾಳೆ ಹಗುರ ಬಾಲ್ಸಾದ್ದಾದರೆ 14–15 ಗ್ರಾಂ ತೂಗುತ್ತದೆ, ಗಟ್ಟಿಯದು 27 ಗ್ರಾಂ ದಾಟುತ್ತದೆ. ನೋಡಲು ಎರಡೂ ಒಂದೇ ಬಣ್ಣ. ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗೆ), ಫ್ಯೂಸಲಾಜ್‌ನ (ವಿಮಾನದ ಒಡಲಿನ) ಉದ್ದ ಕಡ್ಡಿಗಳಿಗೆ ಗಟ್ಟಿ ಮರವೇ ಬೇಕು. ಬಾಲದ ಭಾಗಗಳಿಗೆ, ರೆಕ್ಕೆಯ ತುದಿಗೆ ಹಗುರದ್ದೇ ಬೇಕು. ಈ ಕಿಟ್‌ನಲ್ಲಿ ಎಲ್ಲವನ್ನೂ ಒಂದೇ ರಾಶಿಯಿಂದ ಕತ್ತರಿಸಿದ್ದರು. ಬಾಲದಲ್ಲಿ ಸುಮಾರು 45 ಗ್ರಾಂ ಹೆಚ್ಚಾಗಿತ್ತು. ಸಿಜಿಯಿಂದ ಬಾಲಕ್ಕೆ ಸುಮಾರು 680 ಮಿ.ಮೀ., ಮೋಟಾರ್ ಹತ್ತಿರಕ್ಕೆ 230 ಮಿ.ಮೀ. ಮಾತ್ರ, ಆದ್ದರಿಂದ ಬಾಲದ ಪ್ರತಿ 10 ಗ್ರಾಂಗೆ ಮೂತಿಯಲ್ಲಿ 30 ಗ್ರಾಂ ಸೀಸ ಇಡಬೇಕಾಗುತ್ತದೆ. ಸಾಲದ್ದಕ್ಕೆ 200 ಗ್ರಾಂನ ಬ್ಯಾಟರಿಯನ್ನು ಕಾಕ್‌ಪಿಟ್ ಅಡಿಯಲ್ಲಿಟ್ಟಿದ್ದರು. ಅದನ್ನು 250 ಮಿ.ಮೀ. ಮುಂದಕ್ಕೆ, ಫೈರ್‌ವಾಲ್ ಹಿಂಭಾಗಕ್ಕೆ ತಂದಿದ್ದರೆ 1,850 ಗ್ರಾಂ ತೂಕದ ವಿಮಾನದ ಸಿಜಿ 27 ಮಿ.ಮೀ. ಮುಂದೆ ಬರುತ್ತಿತ್ತು. ಉಳಿದ 23 ಮಿ.ಮೀ.ಗೆ ಇನ್ನೂ 185 ಗ್ರಾಂ ಸೀಸ ಬೇಕಿತ್ತು.

ಅಷ್ಟು ಸೀಸ ಹೊರಿಸಿದರೆ ವಿಮಾನ ಎರಡು ಕಿಲೋ ದಾಟುತ್ತದೆ. 1:7 ಟೈಗರ್ ಮಾತ್‌ನ ಎರಡೂ ರೆಕ್ಕೆಗಳ ಒಟ್ಟು ವಿಸ್ತೀರ್ಣ ಸುಮಾರು 45 ಚದರ ಡೆಸಿಮೀಟರ್. 1,500 ಗ್ರಾಂನಲ್ಲಿ ಮುಗಿಸಿದರೆ ಅದು ತನ್ನ ಹೆಸರಿಗೆ ತಕ್ಕಂತೆ ಪತಂಗದ ಹಾಗೆ ತೇಲುತ್ತದೆ. ಎರಡು ಕಿಲೋ ಆದರೆ ಪ್ರತಿ ತಿರುವಿನಲ್ಲೂ ಹಾರಿಸುವವರ ಎದೆ ಹೊಡೆದುಕೊಳ್ಳುತ್ತದೆ. ಬೆಂಗಳೂರಿನಂಥ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ತೆಳು, ಮೇಲೇಳಲು ಇನ್ನಷ್ಟು ವೇಗ ಬೇಕು. ಕರಾವಳಿಯಲ್ಲಿ ಸಲೀಸಾಗಿ ಏಳುವ ಭಾರದ ಮಾದರಿ ಇಲ್ಲಿ ಒದ್ದಾಡುತ್ತದೆ. ಆದ್ದರಿಂದ ಬಾಲದ ಭಾಗಗಳನ್ನು ಅಂಟಿಸುವ ಮುಂಚೆ ತೂಗಿ ನೋಡಿ. ಭಾರವಿದ್ದರೆ ಅದೇ ಆಕಾರದಲ್ಲಿ ಹಗುರ ಬಾಲ್ಸಾದಿಂದ ಹೊಸದಾಗಿ ಕತ್ತರಿಸಿ. ಎಲಿವೇಟರ್, ರಡ್ಡರ್ (ಬಾಲದ ಚುಕ್ಕಾಣಿ) ತಿರುಗಿಸುವ ಸರ್ವೋಗಳನ್ನು ಹಿಂದೆ ಕೂರಿಸುವ ಯೋಚನೆ ಬಿಟ್ಟು ರೆಕ್ಕೆಯ ಅಡಿಗೆ ತನ್ನಿ.

ಎಡ ರೆಕ್ಕೆಯೇ ಏಕೆ ಕುಸಿಯಿತು ಎಂಬುದಕ್ಕೆ ಉತ್ತರ ಸ್ಟ್ರಟ್‌ಗಳಲ್ಲಿತ್ತು. ಎರಡು ರೆಕ್ಕೆಗಳನ್ನು ಜೋಡಿಸುವ ಕಂಬಗಳು ಇವು. ಮುಂದಿನ ಮತ್ತು ಹಿಂದಿನ ಸ್ಟ್ರಟ್‌ಗಳ ಅಂತರ 110 ಮಿ.ಮೀ. ಎಡಬದಿಯ ಮುಂದಿನ ಸ್ಟ್ರಟ್ 2 ಮಿ.ಮೀ. ಉದ್ದವಿತ್ತು. ಅಷ್ಟಕ್ಕೇ ಮೇಲ್ರೆಕ್ಕೆಯ ಎಡ ಭಾಗ ಬಲಕ್ಕಿಂತ ಒಂದು ಡಿಗ್ರಿ ಹೆಚ್ಚು ಕೋನದಲ್ಲಿ ನಿಂತಿತು, ನಿಧಾನ ವೇಗದಲ್ಲಿ ಮೊದಲು ಸ್ಟಾಲ್ ಆದದ್ದೂ (ಎತ್ತುವ ಬಲ ಕಳೆದುಕೊಂಡದ್ದೂ) ಅದೇ. ಬಾಲ್ಸಾ ರೆಕ್ಕೆ ಮೆತ್ತಗಿನದು, ಸ್ಟ್ರಟ್ ಎಳೆದ ಕಡೆ ತಿರುಚಿಕೊಳ್ಳುತ್ತದೆ. ಹಾಗಾಗಿ ನಾಲ್ಕೂ ಸ್ಟ್ರಟ್‌ಗಳ ತೂತುಗಳನ್ನು ಒಂದೇ ಅಚ್ಚಿನಲ್ಲಿ ಕೊರೆಯಿರಿ. ಕೂರಿಸುವಾಗ ಬಲವಂತ ಬೇಕಾಗುತ್ತಿದೆ ಎಂದರೆ ಎಲ್ಲೋ ಅಳತೆ ತಪ್ಪಿದೆ ಎಂದೇ ಅರ್ಥ. ನಂತರ ಡಿಜಿಟಲ್ ಕೋನಮಾಪಕವನ್ನು ಎರಡೂ ರೆಕ್ಕೆಗಳ ಬುಡದಲ್ಲಿ, ಸ್ಟ್ರಟ್ ಹತ್ತಿರ, ಎಡ–ಬಲ ಎರಡರಲ್ಲೂ ಇಟ್ಟು ನೋಡಿ. ಎಡ–ಬಲ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು. ಮೇಲಿನ ಮತ್ತು ಕೆಳಗಿನ ರೆಕ್ಕೆಯ ನಡುವಿನ ಕೋನ ಪ್ಲಾನ್‌ನಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ, ಅದನ್ನು ಅಂದಾಜಿನಲ್ಲಿ ಬದಲಿಸಬೇಡಿ.

ಮೇಲ್ರೆಕ್ಕೆ ಹೊರುವ ಉಕ್ಕಿನ ತಂತಿಯ ಚೌಕಟ್ಟು ಕೂಡ ಹೀಗೆಯೇ ಕೈಕೊಡುತ್ತದೆ. ತಂತಿ ಸೇರುವಲ್ಲಿ ಉಜ್ಜುಕಾಗದದಿಂದ ಉಜ್ಜಿ, ತೆಳು ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿ, ಫ್ಲಕ್ಸ್ ಹಚ್ಚಿಯೇ ಬೆಸುಗೆ ಹಾಕಿ. ಸುತ್ತದೆ ಹಾಕಿದ ಬೆಸುಗೆ ಇಳಿಯುವಾಗಿನ ಒಂದೇ ಜೋರು ಕುಲುಕಿಗೆ ಬಿಡುತ್ತದೆ.

ಫೈರ್‌ವಾಲ್ ವಿಷಯ. ಲೇಸರ್‌ನಲ್ಲಿ ಕತ್ತರಿಸಿದ ಅಂಚು ಕಪ್ಪಗೆ ಸುಟ್ಟಿರುತ್ತದೆ. ಆ ಇದ್ದಿಲಿನ ಪದರಕ್ಕೆ ಅಂಟು ಹಿಡಿಯುತ್ತದೆ, ಪದರ ಮರವನ್ನು ಹಿಡಿಯುವುದಿಲ್ಲ. ಈ ವಿಮಾನದಲ್ಲಿ ಸುಟ್ಟ ಅಂಚಿನ ಮೇಲೆಯೇ ನೀರಿನಂಥ ಸೂಪರ್ ಗ್ಲೂ ಬಿಟ್ಟಿದ್ದರು. ಬಾಲ್ಸಾ ರಿಬ್‌ಗಳಿಗೆ ಅದು ಸಾಕು, ಮೋಟಾರ್‌ನ ಎಳೆತ, ನಡುಕ ಎರಡನ್ನೂ ತಿನ್ನುವ ಜಾಗಕ್ಕೆ ಸಾಲದು, ಏಕೆಂದರೆ ಆ ಅಂಟು ಗಟ್ಟಿಯಾದರೂ ಪೆಡಸು. ಅಂಚನ್ನು 240 ನಂಬರಿನ ಉಜ್ಜುಕಾಗದದಿಂದ ಮರದ ಬಣ್ಣ ಕಾಣುವವರೆಗೆ ಉಜ್ಜಿ. 30 ನಿಮಿಷದ ಎಪಾಕ್ಸಿಯಲ್ಲಿ ಅಂಟಿಸಿ, ಒಳಮೂಲೆಗೆ ತ್ರಿಕೋನ ಬಾಲ್ಸಾ ಕಡ್ಡಿ ಕೊಡಿ. ಆಮೇಲೆ ಬದಿಯಿಂದ ಪ್ಲೈವುಡ್‌ನ ಒಳಕ್ಕೆ ತೂತು ಕೊರೆದು ಬಿದಿರಿನ ಟೂತ್‌ಪಿಕ್ ಚೂರುಗಳನ್ನು ಎಪಾಕ್ಸಿ ಹಚ್ಚಿ ಒಳಕ್ಕೆ ಹೊಡೆಯಿರಿ, ಪ್ರತಿ ಬದಿಗೆ ಮೂರು ಸಾಕು. ಇಷ್ಟು ಮಾಡಿದ ಫೈರ್‌ವಾಲ್ ಸುಮ್ಮಸುಮ್ಮನೆ ಕಿತ್ತು ಬರುವುದಿಲ್ಲ.

ಕವರಿಂಗ್ ಫಿಲ್ಮ್ ಎಳೆಯುವಾಗ ರೆಕ್ಕೆ ತಿರುಚುವ ಅಪಾಯ ಬೇರೆ ಇದೆ. ಮೇಲ್ಮೈ, ಕೆಳಮೈ ಎರಡನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಹಳೆಯ ಫ್ಲಶ್ ಡೋರ್ ತುಂಡಿನ ಮೇಲೆ ರೆಕ್ಕೆ ಮಲಗಿಸಿ ತುದಿಯ ಹಿಂಬದಿ ಅಂಚು ನೋಡಿ: 2–3 ಮಿ.ಮೀ. ಮೇಲೆದ್ದಿದ್ದರೆ ಒಳ್ಳೆಯದು, ಕೆಳಗೆ ಬಾಗಿದ್ದರೆ ಅದೇ ತುದಿ ಮೊದಲು ಸ್ಟಾಲ್ ಆಗುತ್ತದೆ. ಕೈಯಲ್ಲಿ ಹಿತವಾಗಿ ಎದುರು ದಿಕ್ಕಿಗೆ ತಿರುಚಿ ಹಿಡಿದು ಮತ್ತೆ ಬಿಸಿ ಕೊಟ್ಟರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯವರು ಕವರ್ ಮಾಡದ ರೆಕ್ಕೆಯನ್ನು ಗೋಡೆಗೆ ಒರಗಿಸಿಡಬೇಡಿ, ತೇವ ಕುಡಿದು ಒಂದೇ ರಾತ್ರಿಯಲ್ಲಿ ಸೊಟ್ಟಗಾಗಬಹುದು.

ಇನ್ನು ಏಲೆರಾನ್, ಅಂದರೆ ವಿಮಾನವನ್ನು ಎಡಕ್ಕೆ, ಬಲಕ್ಕೆ ಓರೆಯಾಗಿಸುವ ರೆಕ್ಕೆಯ ಹಿಂಬದಿ ಪಟ್ಟಿ. ಟೈಗರ್ ಮಾತ್‌ಗೆ ಅವು ಕೆಳರೆಕ್ಕೆಯಲ್ಲಿ ಮಾತ್ರ ಇವೆ. ಕೆಳಗೆ ಹೋದ ಏಲೆರಾನ್ ಗಾಳಿಯನ್ನು ತಡೆದು ಮೂತಿಯನ್ನು ತಿರುವಿನ ಎದುರು ದಿಕ್ಕಿಗೆ ಎಳೆಯುತ್ತದೆ. ಅದಕ್ಕೇ ನಿಜವಾದ ವಿಮಾನದಲ್ಲೂ ಮೇಲಕ್ಕೆ ಹೆಚ್ಚು, ಕೆಳಕ್ಕೆ ತೀರಾ ಕಡಿಮೆ ಚಲಿಸುವಂತೆ ಮಾಡಿದ್ದರು. ಪ್ರತಿ ಏಲೆರಾನ್‌ಗೆ ಒಂದೊಂದು ಸರ್ವೋ ಕೊಟ್ಟು ಟ್ರಾನ್ಸ್‌ಮಿಟರ್‌ನಲ್ಲಿ ಮೇಲೆ 12 ಮಿ.ಮೀ., ಕೆಳಗೆ 4 ಮಿ.ಮೀ. ಇಟ್ಟು ಶುರುಮಾಡಿ. ಟೇಕಾಫ್ ವೇಳೆ ರೆಕ್ಕೆ ಕುಸಿದರೆ ಏಲೆರಾನ್‌ನಿಂದ ಎತ್ತಲು ಹೋಗಬೇಡಿ, ಮೂತಿ ಇಳಿಸಿ ರಡ್ಡರ್ ಕೊಡಿ.

ಇಂಥ ಕಿಟ್ ಈಗಾಗಲೇ ತರಿಸಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಬಾಲದ ಹಾಳೆಗಳನ್ನು ಒಂದೊಂದಾಗಿ ತೂಗಿ, ತಕ್ಕಡಿಯ ಮೇಲಿರುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ಸಿಜಿ ಯಾವ ರೆಕ್ಕೆಯ ಯಾವ ಜಾಗದಿಂದ, ಎರಡೂ ರೆಕ್ಕೆಗಳ ಕೋನ ಎಷ್ಟು ಎಂದು ಮಾರಿದವರನ್ನು ಬರಹದಲ್ಲೇ ಕೇಳಿ. ಉತ್ತರ ಬಾರದಿದ್ದರೆ ಮೇಲಿನಂತೆ ನೀವೇ ಲೆಕ್ಕ ಹಾಕಿ, ಸರಾಸರಿ ರೆಕ್ಕೆಯ ಅಗಲದ ಸುಮಾರು ಶೇ 25ಕ್ಕಿಂತ ಹಿಂದೆ ಹೋಗದಂತೆ ಗುರುತು ಹಾಕಿಕೊಳ್ಳಿ. ಕವರಿಂಗ್ ಮುಗಿದಿದ್ದರೂ ತೊಂದರೆಯಿಲ್ಲ: ಬ್ಯಾಟರಿ ತಟ್ಟೆಯನ್ನು ಫೈರ್‌ವಾಲ್‌ಗೆ ತಾಗುವಷ್ಟು ಮುಂದಕ್ಕೆ ತನ್ನಿ, ಹಿಂಚಕ್ರವನ್ನು ಹಗುರವಾದದ್ದಕ್ಕೆ ಬದಲಿಸಿ, ಕಡೆಗೆ ಉಳಿದಷ್ಟಕ್ಕೆ ಮಾತ್ರ ಸೀಸವನ್ನು ಮೋಟಾರ್ ಕವಚದ ಒಳಗೆ, ಆದಷ್ಟು ಮುಂದೆ, ಸ್ಕ್ರೂ ಹಾಕಿ ಭದ್ರಮಾಡಿ. ಬರೀ ಅಂಟಿನಲ್ಲಿ ನಿಲ್ಲಿಸಿದ ಸೀಸ ನಡುಕಕ್ಕೆ ಬಿಟ್ಟುಹೋದರೆ ಸಿಜಿ ಹಾರುತ್ತಿರುವಾಗಲೇ ಹಿಂದೆ ಸರಿಯುತ್ತದೆ.