ಟರ್ಮಿನಲ್‌ನಲ್ಲಿ ಯೂಸ್‌ನೆಟ್ ಓದಲು ಎಸ್‌ಎಲ್‌ಆರ್‌ಎನ್

ಯೂಸ್‌ನೆಟ್ ಎಂದರೆ ವಿಷಯವಾರು ಗುಂಪುಗಳಲ್ಲಿ ಸಂದೇಶ ಹಂಚಿಕೊಳ್ಳುವ ಹಳೆಯ ಚರ್ಚಾ ಜಾಲ. ಮೌಸ್ ಮುಟ್ಟದೆ, ಟರ್ಮಿನಲ್ ಎಂಬ ಅಕ್ಷರಗಳ ಪರದೆಯಲ್ಲೇ ಅದನ್ನು ಓದುವವರಿಗೆ ಎಸ್‌ಎಲ್‌ಆರ್‌ಎನ್ (slrn) ಎಂಬ ತಂತ್ರಾಂಶ ಈಗಲೂ ಒಳ್ಳೆಯ ಆಯ್ಕೆ. 2024ರ ಫೆಬ್ರವರಿಯಲ್ಲಿ ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ಗೆ ಬಾಗಿಲು ಹಾಕಿದ್ದರಿಂದ ಬೇರೆ ನ್ಯೂಸ್ ಸರ್ವರ್‌ನ ಖಾತೆ ಬೇಕು. ಸರ್ವರ್ ಹೆಸರನ್ನು ಎನ್‌ಎನ್‌ಟಿಪಿಸರ್ವರ್ (NNTPSERVER) ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಕೊಟ್ಟು, ಮೊದಲ ಸಲ ಮಾತ್ರ 'ಕ್ರಿಯೇಟ್' (--create) ಆಯ್ಕೆಯೊಂದಿಗೆ ಚಲಾಯಿಸಿ. ಗುಂಪುಗಳ ಪಟ್ಟಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಾಮೂಲಿ ಪೋರ್ಟ್ 119, ಗೂಢಲಿಪೀಕರಣ ಬೇಕಿದ್ದರೆ 563.

ಇದರ ನಿಜವಾದ ಬಲ ಸ್ಕೋರ್ ಫೈಲ್, ಅಂದರೆ ಯಾವ ಸಂದೇಶಕ್ಕೆ ಎಷ್ಟು ಅಂಕ ಎಂಬ ನಿಯಮಗಳನ್ನು ಬರೆದಿಡುವ ಕಡತ. ಕಾಟ ಕೊಡುವವರ ವಿಳಾಸಕ್ಕೆ -9999 ಅಂಕ ಕೊಟ್ಟರೆ ಅವರ ಸಂದೇಶ ಕಣ್ಣಿಗೇ ಬೀಳದು. ಆದರೆ ವಿಷಯ, ಕಳುಹಿಸಿದವರು ಮುಂತಾದ, ಸರ್ವರ್ ಸಾರಾಂಶವಾಗಿ ಒಟ್ಟಿಗೆ ಕಳಿಸುವ ಹೆಡರ್‌ಗಳಿಗಷ್ಟೇ (ಸಂದೇಶದ ಮೇಲಿನ ವಿವರದ ಸಾಲುಗಳು) ನಿಯಮ ಬರೆಯಿರಿ. ಬೇರೆ ಹೆಡರ್ ಹಾಕಿದರೆ ಪ್ರತಿ ಸಂದೇಶದ ಹೆಡರನ್ನೂ ತರಿಸಬೇಕಾಗಿ, ದೊಡ್ಡ ಗುಂಪು ತೆರೆಯುವಷ್ಟರಲ್ಲಿ ಕಾಫಿ ಆರಿರುತ್ತದೆ. ಕನ್ನಡದ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಮೊದಲು ಟರ್ಮಿನಲ್ ಬದಲಿಸಿ ನೋಡಿ.