ಬಾಸ್ಟನ್ ಮ್ಯಾರಥಾನ್‌ಗೆ ಗಾರ್ಮಿನ್ ಪೇಸ್‌ಪ್ರೋ: ಏರಿಗೆ ಇದ್ದ ಹಾಗೆ ಸಾಕು, ಇಳಿಜಾರಿಗೆ ತಿದ್ದಿಕೊಳ್ಳಿ

ಗಾರ್ಮಿನ್ ವಾಚಿನ ಪೇಸ್‌ಪ್ರೋ ಅನ್ನುವ ಸೌಲಭ್ಯ 2019ರಲ್ಲಿ ಫೀನಿಕ್ಸ್ 6 ವಾಚಿನ ಜೊತೆ ಬಂತು. ಈಗ ಅವರ ಬಹಳಷ್ಟು ಓಟದ ವಾಚುಗಳಲ್ಲಿದೆ, ಅದಕ್ಕೆಂದು ಬೇರೆ ದುಡ್ಡು ಕೊಡಬೇಕಿಲ್ಲ. ಓಡುವ ದಾರಿಯ ಏರಿಳಿತ ಮತ್ತು ನೀವು ಮುಗಿಸಬೇಕೆಂದಿರುವ ಸಮಯ ಎರಡನ್ನೂ ಕೊಟ್ಟರೆ, ಎಲ್ಲಿ ಎಷ್ಟು ವೇಗ ಅಂತ ಲೆಕ್ಕ ಹಾಕಿ ಕೊಡುತ್ತದೆ. ಏರಿನಲ್ಲಿ ನಿಧಾನ, ಇಳಿಜಾರಿನಲ್ಲಿ ಜೋರು, ಶ್ರಮ ಮಾತ್ರ ಉದ್ದಕ್ಕೂ ಒಂದೇ. ನಾನು ಬಾಸ್ಟನ್ ಮ್ಯಾರಥಾನನ್ನು ಇದನ್ನು ನಂಬಿಕೊಂಡೇ ಓಡಿದೆ. ಏರುಗಳಿರುವ ಮ್ಯಾರಥಾನ್‌ಗೆ ತಯಾರಾಗುತ್ತಿರುವವರು ಖಂಡಿತ ಬಳಸಿ ಅಂತ ಹೇಳುತ್ತೇನೆ. ಆದರೆ ಆ್ಯಪ್ ಮೊದಲು ತೋರಿಸಿದ ಪ್ಲಾನನ್ನು ಹಾಗೇ ವಾಚಿಗೆ ಕಳಿಸಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ನಾನು ಮೈಸೂರಿನವಳು. ಈಗ ನಮ್ಮ ಮನೆ ನೇಟಿಕ್‌ನಲ್ಲಿ, ಬಾಸ್ಟನ್ ಕೋರ್ಸಿನ (ಓಟದ ದಾರಿಯ) 10ನೇ ಮೈಲಿಯ ಹತ್ತಿರ. ಊರಿಗೆ ಹೋದಾಗ ಚಾಮುಂಡಿ ಬೆಟ್ಟದ ರಸ್ತೆ ಓಡುತ್ತೇನೆ. ಅಲ್ಲಿ ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. ದಣಿವು ಎಷ್ಟು ಅಂತ ಬೆಟ್ಟವೇ ಮೊದಲು ಹೇಳಿಬಿಡುತ್ತದೆ. ಬಾಸ್ಟನ್ ಪೂರ್ತಿ ಉಲ್ಟಾ. ಹಾಪ್ಕಿಂಟನ್‌ನಲ್ಲಿ ಶುರುವಾದ ಕೂಡಲೇ ರಸ್ತೆ ಕೆಳಗಿಳಿಯುತ್ತದೆ. ಮೊದಲ ಮೈಲಿಯಲ್ಲೇ ಸುಮಾರು 40 ಮೀಟರ್, ಫ್ರೇಮಿಂಗ್‌ಹ್ಯಾಮ್ ಹತ್ತಿರ ಬರುವಷ್ಟರಲ್ಲಿ 90 ಮೀಟರ್ ಇಳಿದಿರುತ್ತೀರಿ. ನಿಜವಾದ ಏರು ಶುರುವಾಗುವುದು 16ನೇ ಮೈಲಿ ದಾಟಿದ ಮೇಲೆ, ನ್ಯೂಟನ್‌ನಲ್ಲಿ. ಅಷ್ಟು ಹೊತ್ತಿಗೆ ಕಾಲು ಅರ್ಧ ಸೋತಿರುತ್ತದೆ.

ಪ್ಲಾನ್ ಮಾಡುವುದು ಸುಲಭ. ಗಾರ್ಮಿನ್ ಕನೆಕ್ಟ್ ಆ್ಯಪ್‌ನಲ್ಲಿ ಕೋರ್ಸ್ ಆರಿಸಿ, ಸಮಯ ಹಾಕಿ, ವಾಚಿಗೆ ಕಳಿಸಿದರೆ ಆಯ್ತು. ಓಡುವಾಗ ಫೋನ್ ಬೇಕಿಲ್ಲ. ಪ್ಲಾನ್ ದಾರಿಯನ್ನು ತುಂಡು ತುಂಡು ಮಾಡಿಕೊಂಡಿರುತ್ತದೆ. ಈಗಿನ ತುಂಡಿಗೆ ಬೇಕಾದ ವೇಗ, ನೀವು ಓಡುತ್ತಿರುವ ವೇಗ, ತುಂಡು ಮುಗಿಯಲು ಎಷ್ಟು ದೂರ, ಒಟ್ಟಾರೆ ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ, ಎಲ್ಲಾ ಒಂದೇ ಪರದೆಯ ಮೇಲೆ ಬರುತ್ತದೆ. ಅಕ್ಷರ ದೊಡ್ಡದು. ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಓದಬಹುದು.

ಬುದ್ಧಿ ಓಡಿಸಬೇಕಾದ್ದು ಆ್ಯಪ್‌ನಲ್ಲಿ ಬೆರಳಿನಿಂದ ಎಳೆದು ಸರಿಸುವ ಎರಡು ಸ್ಲೈಡರ್ ಹತ್ತಿರ. ಒಂದು, ಏರಿನಲ್ಲಿ ಎಷ್ಟು ಒತ್ತಬೇಕು ಅನ್ನುವುದು. ಇನ್ನೊಂದು, ಮೊದಲರ್ಧ ಜೋರಾಗಿರಲೋ ಎರಡನೇ ಅರ್ಧವೋ ಅನ್ನುವುದು. ಏರಿಗೆ ಹೆದರುವವರೆಲ್ಲ ಮೊದಲನೆಯದನ್ನು ಸುಲಭದ ಕಡೆ ಎಳೆಯುತ್ತಾರೆ. ನನಗೂ ಮೊದಲು ಹಾಗೇ ಮಾಡೋಣ ಅನ್ನಿಸಿತು. ಆದರೆ ಒಟ್ಟು ಸಮಯ ಬದಲಾಗುವುದಿಲ್ಲ ಅಲ್ವಾ? ಏರಿನಲ್ಲಿ ಬಿಟ್ಟುಕೊಟ್ಟ ಸೆಕೆಂಡುಗಳನ್ನು ಪ್ಲಾನ್ ಇನ್ನೆಲ್ಲಿಂದಲೋ ತರಬೇಕು. ಅದು ತರುವುದು ಇಳಿಜಾರಿನಿಂದ. ಬಾಸ್ಟನ್‌ನಲ್ಲಿ ದೊಡ್ಡ ಇಳಿಜಾರು ಇರುವುದು ಶುರುವಿನಲ್ಲೇ. ಅಂದರೆ ನ್ಯೂಟನ್ ಸುಲಭವಾಗಲಿ ಅಂತ ಎಳೆದ ಸ್ಲೈಡರ್, ಹಾಪ್ಕಿಂಟನ್‌ನಿಂದಲೇ ನಮ್ಮನ್ನು ದೌಡಾಯಿಸುತ್ತದೆ.

ನನ್ನ ಗುರಿ 4 ಗಂಟೆ. ಸರಾಸರಿ ಮೈಲಿಗೆ 9 ನಿಮಿಷ 9 ಸೆಕೆಂಡು, ಕಿಲೋಮೀಟರಿಗೆ 5:41. ಸ್ಲೈಡರನ್ನು ಸುಲಭದ ಕಡೆ ಎಳೆದಾಗ ಮೊದಲ ಮೈಲಿಗೆ 8:40ರ ಆಸುಪಾಸು ತೋರಿಸಿತು. ಉಸಿರಿನ ಲೆಕ್ಕದಲ್ಲಿ ಅದು ತಪ್ಪಲ್ಲ. 2002ರಲ್ಲಿ ಸಂಶೋಧಕ ಮಿನೆಟ್ಟಿ ಮತ್ತು ಅವರ ಜೊತೆಗಾರರು ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದಿದ್ದರು. ಇಳಿಜಾರಿನಲ್ಲಿ ಓಡಲು ಸಮತಟ್ಟಿಗಿಂತ ಕಡಿಮೆ ಶಕ್ತಿ ಸಾಕು, ಶೇಕಡ 20ರ ಹತ್ತಿರದ ಇಳಿಜಾರಿನವರೆಗೂ ಅದು ಕಡಿಮೆಯಾಗುತ್ತಲೇ ಹೋಗುತ್ತದೆ. ಆದರೆ ಅದು ಆಮ್ಲಜನಕದ ಲೆಕ್ಕ. ತೊಡೆಯ ಲೆಕ್ಕ ಬೇರೆ. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಎಳೆಸಿಕೊಳ್ಳುತ್ತಲೇ ಮೈಭಾರ ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುವುದು ಆ ಕೆಲಸದಲ್ಲಿ. ಆಗ ನೋವು ಗೊತ್ತಾಗುವುದಿಲ್ಲ. ಎರಡು ಗಂಟೆ ಬಿಟ್ಟು ಗೊತ್ತಾಗುತ್ತದೆ. ದಾರಿಯ ವಾಟ ನೋಡಿ ಮಾಡಿದ ಯಾವ ಪ್ಲಾನಿಗೂ ಇದು ಕಾಣುವುದಿಲ್ಲ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಏರಿನ ಸ್ಲೈಡರನ್ನು ನಡುವಿಗಿಂತ ಸ್ವಲ್ಪ ಕಷ್ಟದ ಕಡೆ ಇಟ್ಟೆ. ಇನ್ನೊಂದನ್ನು ಎರಡನೇ ಅರ್ಧ ಜೋರು ಅನ್ನುವ ಕಡೆ ಒಂಚೂರು ಸರಿಸಿದೆ. ಮೊದಲ ಮೈಲಿ 9 ನಿಮಿಷಕ್ಕೆ ಬಂತು. ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಬಾಸ್ಟನ್ ಓಡಿ ಪಳಗಿದ ಅಕ್ಕ ಒಬ್ಬರಿದ್ದಾರೆ. ಅವರಿಗೆ ಪ್ಲಾನ್ ತೋರಿಸಿದೆ. "ಸರಿಯಾಗಿದೆ ಕಣೇ. ಮೊದಲ ನಾಲ್ಕು ಮೈಲಿ ಎಲ್ಲರೂ ನಿನ್ನ ದಾಟಿ ಹೋಗ್ತಾರೆ, ಹೋಗ್ಲಿ ಬಿಡು" ಅಂದರು. ಹೇಳಿದ ಹಾಗೇ ದಾಟಿ ಹೋದರು, ನೂರಾರು ಜನ. ವಾಚು 12 ಸೆಕೆಂಡ್ ಹಿಂದೆ ಅಂತ ತೋರಿಸುತ್ತಿತ್ತು. ನಾನು ಸುಮ್ನೆ ನನ್ನ ಪಾಡಿಗೆ ಓಡಿದೆ.

ಇನ್ನೊಂದು ಆಯ್ಕೆ ಬಗ್ಗೆ ಹೇಳಲೇಬೇಕು. ಪ್ಲಾನನ್ನು ಮೈಲಿಗೊಂದು ತುಂಡಾಗಿ ಮಾಡಬಹುದು, ಇಲ್ಲವೇ ಏರಿಳಿತಕ್ಕೆ ತಕ್ಕಂತೆ ತುಂಡು ಮಾಡಬಹುದು. ಎರಡನೆಯದನ್ನೇ ಆರಿಸಿ. ನ್ಯೂಟನ್‌ನ ಕೊನೆಯ ಏರಾದ ಹಾರ್ಟ್‌ಬ್ರೇಕ್ ಹಿಲ್ 20 ಮತ್ತು 21ನೇ ಮೈಲಿಯ ನಡುವೆ ಇದೆ, ಏರು ಸುಮಾರು 27 ಮೀಟರ್. ಆದರೆ ಆ ಮೈಲಿ ಪೂರ್ತಿ ಏರಲ್ಲ. ಮೈಲಿಗೊಂದು ತುಂಡು ಮಾಡಿದರೆ ಚಪ್ಪಟೆ ಭಾಗವೂ ಏರೂ ಸೇರಿ ಒಂದೇ ಸರಾಸರಿ ಬರುತ್ತದೆ. ಅದನ್ನು ಹಿಡಿಯಲು ಹೋದರೆ ಏರಿನಲ್ಲಿ ಅನಾವಶ್ಯಕವಾಗಿ ಒತ್ತುತ್ತೀರಿ. ಏರಿಳಿತದ ತುಂಡಿನಲ್ಲಿ ಪ್ರತಿ ಏರಿಗೂ ಅದರದ್ದೇ ವೇಗ. ನ್ಯೂಟನ್‌ನ ಅಗ್ನಿಶಾಮಕ ಠಾಣೆ ಹತ್ತಿರ ಬಲಕ್ಕೆ ತಿರುಗಿ ಕಾಮನ್‌ವೆಲ್ತ್ ಅವೆನ್ಯೂಗೆ ಬಂದ ತಕ್ಷಣ ವಾಚು ಗುರಿಯನ್ನು 9:50ರ ಹತ್ತಿರ ಇಳಿಸಿತು. ಎಷ್ಟು ಸಮಾಧಾನ ಆಯ್ತು ಅಂದರೆ, ನಿಧಾನ ಹೋಗಲು ಯಾರೋ ಒಪ್ಪಿಗೆ ಕೊಟ್ಟ ಹಾಗೆ.

ಹಾರ್ಟ್‌ಬ್ರೇಕ್ ಗುಡ್ಡಕ್ಕೆ ಆ ಹೆಸರು ಬಂದದ್ದೂ ಏರಿನಲ್ಲಿ ಒತ್ತಿದ್ದರಿಂದಲೇ. 1936ರ ಓಟದಲ್ಲಿ ಜಾನಿ ಕೆಲ್ಲಿ ಇಲ್ಲಿ ಮುಂದಿದ್ದ ಎಲಿಸನ್ ಬ್ರೌನ್ ಅವರನ್ನು ಹಿಡಿದು, ದಾಟುವಾಗ ಬೆನ್ನು ತಟ್ಟಿದರು. ಬ್ರೌನ್ ಮತ್ತೆ ಮುಂದೆ ಓಡಿ ಗೆದ್ದುಬಿಟ್ಟರು. ಇದರಿಂದ ಕೆಲ್ಲಿಯ ಎದೆ ಒಡೆಯಿತು ಅಂತ ಪತ್ರಕರ್ತ ಜೆರಿ ನೇಸನ್ ಬರೆದದ್ದು ಹಾಗೇ ಹೆಸರಾಗಿ ಉಳಿಯಿತು. ಕೆಲ್ಲಿ ಸಾಮಾನ್ಯರಲ್ಲ, 1935 ಮತ್ತು 1945ರಲ್ಲಿ ಗೆದ್ದವರು. ಏರಿನಲ್ಲಿ ಹಿಡಿಯಲು ಸುರಿದ ಶಕ್ತಿ ಆಚೆ ಬದಿಗೆ ಉಳಿಯುವುದಿಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ.

ಹೃದಯ ಬಡಿತ ನೋಡಿ ಓಡಿದರೆ ಸಾಲದೇ ಅಂತ ಕೇಳಬಹುದು. ಚಿಕ್ಕ ಏರಿನಲ್ಲಿ ಅದು ತಡವಾಗಿ ಏರುತ್ತದೆ, ಅಂಕಿ ಕಾಣುವ ಹೊತ್ತಿಗೆ ಅರ್ಧ ಏರು ಮುಗಿದಿರುತ್ತದೆ. ಕೊನೆ ಕೊನೆಗೆ ಅದೇ ವೇಗಕ್ಕೂ ಬಡಿತ ಜಾಸ್ತಿ ಆಗುತ್ತಾ ಹೋಗುತ್ತದೆ. ಶೂ ಲೇಸಿಗೆ ಸಿಕ್ಕಿಸುವ ಸ್ಟ್ರೈಡ್ ಥರದ ಪವರ್ ಮೀಟರ್ ಎಷ್ಟು ಶಕ್ತಿ ಹಾಕುತ್ತಿದ್ದೀರಿ ಅಂತ ತಕ್ಷಣ ಹೇಳುತ್ತದೆ ನಿಜ, ಆದರೆ ಅದನ್ನು ಬೇರೆ ಕೊಳ್ಳಬೇಕು. ನಾನು ವಾಚಿನ ಜೊತೆ ಹದಿಮೂರರ ಮಗ್ಗಿ ಇಟ್ಟುಕೊಂಡಿದ್ದೆ. ಏರಿನಲ್ಲಿ ಮೆಲ್ಲಗೆ ಬಾಯಿಬಿಟ್ಟು ಹೇಳುವುದು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು... ಒಂದು ಸಾಲು ಒಂದೇ ಉಸಿರಿಗೆ ಬಂದರೆ ಶ್ರಮ ಹದವಾಗಿದೆ. ನಡುವೆ ಉಸಿರು ಕಡಿದರೆ ವಾಚು ಏನೇ ಹೇಳಲಿ, ಹೆಜ್ಜೆ ಚಿಕ್ಕದು ಮಾಡಬೇಕು.

ಗಾಳಿ, ಬಿಸಿಲು ಕೂಡ ಪ್ಲಾನಿನಲ್ಲಿ ಇರುವುದಿಲ್ಲ. ಇಲ್ಲಿ ಏಪ್ರಿಲ್ ಹೇಗಿರುತ್ತದೋ ಹೇಳಲಾಗದು. 2012ರಲ್ಲಿ ಸುಡು ಬಿಸಿಲು, 2018ರಲ್ಲಿ ಕೊರೆಯುವ ಮಳೆ, ಎದುರು ಗಾಳಿ. ಕೋರ್ಸ್ ಹೆಚ್ಚುಕಡಿಮೆ ಪೂರ್ವದ ಕಡೆಗೇ ಹೋಗುವುದರಿಂದ ಪೂರ್ವದ ಗಾಳಿ ಬಂದರೆ ಬಹುಪಾಲು ದಾರಿ ಮುಖಕ್ಕೇ. ಹಾಗಾಗಿ ನಾಲ್ಕೈದು ನಿಮಿಷ ತಡವಾಗಿ ಮುಗಿಸುವ ಇನ್ನೊಂದು ಪ್ಲಾನನ್ನೂ ವಾಚಿಗೆ ಹಾಕಿಕೊಳ್ಳಿ. ಬೆಳಿಗ್ಗೆ ಹವೆ ನೋಡಿ ಆರಿಸಬಹುದು. ದೂರದ ಲೆಕ್ಕವೂ ಜನಜಂಗುಳಿಯಲ್ಲಿ ಅತ್ತಿತ್ತ ಸರಿದು ಓಡುವುದರಿಂದ ಸ್ವಲ್ಪ ಹೆಚ್ಚೇ ಬರುತ್ತದೆ. ರಸ್ತೆ ಪಕ್ಕದ ಮೈಲಿ ಫಲಕಕ್ಕೂ ವಾಚಿಗೂ ಅಂತರ ಬೆಳೆಯುತ್ತಾ ಹೋಗುತ್ತದೆ. ಕೊನೆಯ ಭಾಗದಲ್ಲಿ ನಾನು ನಂಬಿದ್ದು ಫಲಕವನ್ನು ಮತ್ತು ಒಟ್ಟು ಸಮಯವನ್ನು.

ಹಾರ್ಟ್‌ಬ್ರೇಕ್ ಇಳಿದು ಬಾಸ್ಟನ್ ಕಾಲೇಜ್ ದಾಟಿದ ಮೇಲೆ ಮತ್ತೆ ಇಳಿಜಾರು. ಮೊದಲು ಕೂಡಿಟ್ಟದ್ದು ಖರ್ಚಾಗುವುದು ಇಲ್ಲಿ. ಬೀಕನ್ ಸ್ಟ್ರೀಟ್‌ನಲ್ಲಿ ಬಹಳ ಜನ ತೊಡೆ ಹಿಡಿದುಕೊಂಡು ನಡೆಯುತ್ತಿದ್ದರು. ನನ್ನ ಕಾಲು ಇಳಿಜಾರಿಗೆ ಇನ್ನೂ ಬಗ್ಗುತ್ತಿತ್ತು. ಮೊದಲರ್ಧ 1:58, ಎರಡನೇ ಅರ್ಧ ಎರಡು ಗಂಟೆ ಚಿಲ್ಲರೆ. ಗುರಿಯ ಒಳಗೇ ಮುಗಿಸಿದೆ.

ಬರೀ ಸಮತಟ್ಟು ದಾರಿಯಲ್ಲಿ ಓಡುವವರು ಇದಕ್ಕಾಗಿಯೇ ವಾಚ್ ಬದಲಿಸಬೇಕಿಲ್ಲ. ಏರಿರುವ ಓಟಕ್ಕೆ ಹೆಸರು ಕೊಟ್ಟಿದ್ದರೆ ಮಾತ್ರ ಒಂದು ಸಂಜೆ ಕೂತು ಎರಡೂ ಸ್ಲೈಡರ್ ಆಡಿಸಿ ನೋಡಿ. ಪ್ರತಿ ಸಲ ಸರಿಸಿದಾಗಲೂ ಮೊದಲ ತುಂಡಿನ ವೇಗ ಏನಾಯಿತು ಅಂತ ಗಮನಿಸಿ. ಆಮೇಲೆ ಆ ಪ್ಲಾನಿನಲ್ಲಿ ಒಂದು ಉದ್ದದ ಓಟ ಮಾಡಿ, ಆದರೆ ಇಳಿಜಾರು ಮೊದಲು ಬರುವ ದಾರಿಯಲ್ಲೇ ಮಾಡಿ.